ಇಪ್ಪತ್ಮೂರನೇ ಮನೆಯ ಕೈ

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಆ ಸಣ್ಣ ಕಂಪನಿಯ ಸಭಾಕೋಣೆಯಲ್ಲಿ ಹನ್ನೊಂದು ಜನ ಕೂತು ತಮ್ಮದೇ ಸೋಲಿಗೆ ಕಾರಣ ಹುಡುಕುತ್ತಿದ್ದರು. ಅವರು ಮಾಡಿದ ವಿಡಿಯೊ ಗೇಮ್ ಯಂತ್ರದ ಹೆಸರು ‘ಹಗುರ’. ಎರಡು ಲಕ್ಷ ಮಾರಾಟವಾಗಬೇಕಿದ್ದ ಯಂತ್ರ ಹನ್ನೊಂದು ಸಾವಿರಕ್ಕೆ ನಿಂತಿತ್ತು. ಶುಕ್ರವಾರ ಸಂಜೆ ಆರಕ್ಕೆ ಸರ್ವರ್ ಬಂದ್ ಆಗಲಿತ್ತು. ಅಷ್ಟರೊಳಗೆ ಬಂಡವಾಳ ಹಾಕಿದವರಿಗೆ ವರದಿ ಹೋಗಬೇಕು.

ಯಂತ್ರದ ಹಿಂದಿನ ಕಲ್ಪನೆ ಸರಳವಾಗಿತ್ತು. ಎರಡು ಕೈಗೆ ಎರಡು ಹಿಡಿಕೆ. ಒಂದೊಂದು ಹಿಡಿಕೆಯೊಳಗೆ ಎಂಟು ಒತ್ತಡ ಸಂವೇದಕಗಳು, ಚಲನೆ ಅಳೆಯುವ ಒಂದು ಚಿಪ್. ಅವು ಸೆಕೆಂಡಿಗೆ ಇನ್ನೂರು ಸಲ ಕೈಯನ್ನು ಓದುತ್ತಿದ್ದವು. ಕೈ ಮಾಡಲು ಹೊರಟದ್ದೇನು, ನಿಜಕ್ಕೂ ಮಾಡಿದ್ದೇನು ಎಂದು ಯಂತ್ರ ಲೆಕ್ಕ ಹಾಕಿ, ನಡುವಿನ ಕೊರತೆಯನ್ನು ತಾನೇ ತುಂಬುತ್ತಿತ್ತು. ಅದಕ್ಕೆ ಒಳಗಿನವರು ಇಟ್ಟ ಹೆಸರು ‘ನೆರವಿನ ಅಂಕ’. ಸಾಮಾನ್ಯ ಕೈಗೆ ನೂರಕ್ಕೆ ಎಂಟರಿಂದ ಹದಿನೈದು. ಆಡುವವರಿಗೆ ಈ ಅಂಕ ಎಂದೂ ಕಾಣುತ್ತಿರಲಿಲ್ಲ. ನೆರವು ಸಿಗುತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

‘ಅಲ್ಲೇ ಕೆಟ್ಟಿದ್ದು ಸರ್,’ ಎಂದಳು ಮಾರಾಟ ವಿಭಾಗದ ಫರ್ಹಾನಾ ನದಾಫ್. ‘ನಮ್ಮ ಯಂತ್ರ ಅಂದ್ರ ಮದವಿ ಮನ್ಯಾಗ ಬಡಸವ್ರಿದ್ದಂಗ. ಸಾಕ್ರೀ ಅಂತ ಎಲಿಗೆ ಕೈ ಅಡ್ಡ ಹಿಡದ್ರೂ ಹಾಕತಾರ. ಡೀಲರ್‌ಗಳು ಏನಂತಾರ ಗೊತ್ತೇನ್ರಿ? ಎರಡನೇ ವಾರಕ್ಕ ಹುಡುಗ್ರು ವಾಪಸ್ ತಂದು ಕೊಡತಾರಂತ. ಇದರಾಗ ಸೋಲೂದಽ ಇಲ್ಲ, ಆಡೂದ್ಯಾಕ ಅಂತ.’

ಮುಖ್ಯ ವಿನ್ಯಾಸಕ ಅಶೋಕ ತುರಮರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಐವತ್ತೆರಡು ವರ್ಷದ ಅವರು ಈ ಕಲ್ಪನೆಯನ್ನು ಆರು ವರ್ಷ ಹೊತ್ತು ತಿರುಗಿದವರು.

‘ಸೋಲೂದು ಇಲ್ಲ ಅಂತ ಯಾರ್ ಹೇಳ್ಯಾರ? ಸೋತಾಗ ಸೋತೀರಿ ಅಂತ ಮಂದಿ ಮುಂದ ಸಾರೂದಿಲ್ಲ ಅಷ್ಟ. ಮನಷ್ಯಾಗ ನೆರವು ಬೇಕಾಗತೈತಿ ಫರ್ಹಾನಾ. ತಗೊಂಡೀನಿ ಅನ್ನೂ ನಾಚಿಕಿ ಬ್ಯಾಡ. ಅದಽ ನಮ್ಮ ವಿನ್ಯಾಸ. ಅದು ತಪ್ಪಲ್ಲ.’

‘ತಪ್ಪಲ್ಲ ಅಂದ್ರ ಗೋಡೌನ್ ಯಾಕ ತುಂಬೇತ್ರಿ?’

ಎಲ್ಲರೂ ನಕ್ಕರು. ತುರಮರಿಯವರೂ ಸ್ವಲ್ಪ ನಕ್ಕು, ಪರದೆಯ ಮೇಲೆ ಒಂದು ನಕ್ಷೆ ಹಾಕಿದರು. ಕಂಪನಿ ಕಳೆದ ಡಿಸೆಂಬರಿನಲ್ಲೇ ಸಿಬ್ಬಂದಿಯ ನಲವತ್ತು ಮನೆಗಳಿಗೆ ಪರೀಕ್ಷಾ ಯಂತ್ರ ಕೊಟ್ಟಿತ್ತು. ಆ ನಲವತ್ತು ಮಾತ್ರ ಆಟದ ವಿವರವನ್ನು ಸರ್ವರ್‌ಗೆ ಕಳಿಸುತ್ತಿದ್ದವು. ಯಾವ ಯಂತ್ರ ಯಾರ ಮನೆಯದು ಎಂಬ ಪಟ್ಟಿ ಎಲ್ಲೂ ಇರಲಿಲ್ಲ. ಪೆಟ್ಟಿಗೆಗಳ ಮೇಲೆ ಸಂಖ್ಯೆ ಇರಲಿಲ್ಲ. ಮೊದಲ ಸಲ ಚಾಲೂ ಆದಾಗ ಸರ್ವರ್ ತಾನೇ ಒಂದು ಸಂಖ್ಯೆ ಕೊಟ್ಟಿತ್ತು, ಅದು ಮನೆಯವರಿಗೆ ಕಾಣುತ್ತಿರಲಿಲ್ಲ. ಕೈ ಯಾರದೆಂದು ತಿಳಿದರೆ ನಾವು ಕೈಯನ್ನು ಬಿಟ್ಟು ಮನುಷ್ಯನನ್ನು ಅಳೆಯತೊಡಗುತ್ತೇವೆ ಎಂಬುದು ತುರಮರಿಯವರ ವಾದವಾಗಿತ್ತು.

‘ಇಪ್ಪತ್ಮೂರನೇ ಮನಿ ನೋಡ್ರಿ. ಜನವರ್‍ಯಾಗ ದಿನಕ್ಕ ನಲವತ್ತು ನಿಮಿಷ. ಈಗ ಐದು ತಾಸು. ಈ ಮನ್ಯಾಗ ನಮ್ಮ ಕಲ್ಪನೆ ಗೆದ್ದೈತಿ. ವರದಿಯೊಳಗ ಇದನ್ನ ಮೊದಲ ಪುಟಕ್ಕ ಹಾಕೂಣು.’

ರೋಹಿಣಿ ಬಳಿಗಾರ ಆವರೆಗೆ ಮಾತಾಡಿರಲಿಲ್ಲ. ಅವಳದು ಅಳತೆ ಸರಿಪಡಿಸುವ ಕೆಲಸ, ಸಂವೇದಕಗಳು ಹೇಳುವ ಸಂಖ್ಯೆ ನಂಬಬಹುದೇ ಎಂದು ನೋಡುವುದು. ಇಪ್ಪತ್ಮೂರು ಎಂಬ ಸಂಖ್ಯೆ ಅವಳಿಗೆ ಬೇರೆ ಕಾರಣಕ್ಕೆ ನೆನಪಿತ್ತು.

‘ಸರ್, ಈ ಐದು ತಾಸು ಯಾವ ಹೊತ್ತಿನ್ಯಾಗ?’

ತುರಮರಿ ಹಾಳೆ ತಿರುವಿದರು. ‘ಮೊದಲ ಸಂಜೀ ನಾಲ್ಕರ ಮ್ಯಾಲೆ. ಈಗ ಬೆಳಿಗ್ಗಿ ಹನ್ನೊಂದರಿಂದ.’

‘ಅಂದ್ರ ಶಾಲಿಗೋ ಕಾಲೇಜಿಗೋ ಹೋಗೂದು ಬಿಟ್ಟಾರ.’

ತುರಮರಿ ನಕ್ಷೆಯನ್ನು ಪರದೆಯಿಂದ ತೆಗೆದರು.

ತನ್ನ ಮೇಜಿಗೆ ಬಂದು ರೋಹಿಣಿ ಮೂಲ ಅಂಕಿಗಳನ್ನು ತೆರೆದಳು. ಮಾರ್ಚಿನಲ್ಲಿ ಈ ಮನೆಯ ನೆರವಿನ ಅಂಕ ಏರತೊಡಗಿದಾಗ ಪರಿಶೀಲನಾ ವರದಿಯಲ್ಲಿ ಅವಳೇ ಬರೆದಿದ್ದಳು: ಸ್ಪ್ರಿಂಗ್ ಸಡಿಲ. ಹಿಡಿಕೆಯ ಸ್ಪ್ರಿಂಗ್ ಮೂರು ತಿಂಗಳಿಗೆ ಸಡಿಲವಾಗುವುದು ಎಲ್ಲರಿಗೂ ಗೊತ್ತಿದ್ದ ದೋಷ. ಸಿಬ್ಬಂದಿಗೆಲ್ಲ ಹೊಸ ಹಿಡಿಕೆ ಹಂಚಲಾಯಿತು. ಅದರ ಜೊತೆಗೆ ಅವಳು ತಂತ್ರಾಂಶದಲ್ಲಿ ಒಂದು ತಿದ್ದುಪಡಿ ಹಾಕಿದಳು. ಪ್ರತಿ ಭಾನುವಾರ, ಆಯಾ ಯಂತ್ರದ ಆ ವಾರದ ಸರಾಸರಿಯನ್ನೇ ಹೊಸ ಸೊನ್ನೆ ಎಂದು ಹಿಡಿಯುವುದು. ಮರುವಾರ ಏರಿಕೆ ಮರೆಯಾಗಿ ನಲವತ್ತೂ ಮನೆಗಳ ನಕ್ಷೆ ಹಸಿರಾಯಿತು. ಆಗ ಯಾರೋ ಪೇಢೆ ಹಂಚಿದ್ದರು.

ಈಗ ಅವಳು ಆ ತಿದ್ದುಪಡಿಯನ್ನು ತೆಗೆದು ನೋಡಿದಳು. ಜನವರಿ ಹನ್ನೆರಡು. ಮಾರ್ಚ್ ಇಪ್ಪತ್ತಾರು. ಮೇ ನಲವತ್ತೊಂದು. ಈ ಆಗಸ್ಟ್ ಅರವತ್ತೊಂದು. ಹೊಸ ಹಿಡಿಕೆಯಿಂದ ಒಂದು ಅಂಕವೂ ಇಳಿದಿರಲಿಲ್ಲ.

ಬಲಗೈಯ ಹತ್ತು ಸೆಕೆಂಡಿನ ಚಲನೆಯನ್ನು ಬಿಡಿಸಿ ಹಾಕಿದಳು. ಸೆಕೆಂಡಿಗೆ ಐದು ಸಲ, ಬಿಡದೆ, ಒಂದು ಅಲುಗಾಟ. ಎಡಗೈಯಲ್ಲಿ ಅದೇ ಅಲುಗಾಟ ಜೂನ್‌ನಿಂದ ಸಣ್ಣಗೆ ಶುರುವಾಗಿತ್ತು. ಸ್ಪ್ರಿಂಗ್ ಸಡಿಲಾದರೆ ಅದಕ್ಕೆ ತಾಳ ಇರುವುದಿಲ್ಲ. ಅದು ಮನುಷ್ಯನ ಕೈ. ಯಂತ್ರ ಅದನ್ನು ಏಳು ತಿಂಗಳು ಮುಚ್ಚಿತ್ತು, ಯಂತ್ರ ಮುಚ್ಚಿದ್ದನ್ನು ಅವಳು ಐದು ತಿಂಗಳು ಮುಚ್ಚಿದ್ದಳು.

ಆ ಸಂಜೆ ವಿದ್ಯಾನಗರದ ಮನೆಯಲ್ಲಿ ಗಂಡ ಶಿವಯೋಗಿ ಸಾರು ಬಡಿಸುವಾಗ ರೋಹಿಣಿ ಸೌಟನ್ನೇ ನೋಡುತ್ತಿದ್ದಳು. ಮಗಳು ಸ್ಫೂರ್ತಿ ಒಂಬತ್ತನೇ ಕ್ಲಾಸು. ಅವಳು ದಿನಾ ಶಾಲೆಗೆ ಹೋಗುತ್ತಾಳೆ. ಹೋಗುತ್ತಾಳೆಯೇ? ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ತಾಯಿಗೆ ಹನ್ನೊಂದಕ್ಕೆ ಮನೆಯಲ್ಲಿ ಯಾರಿರುತ್ತಾರೆಂದು ಹೇಗೆ ಗೊತ್ತು?

‘ಸ್ಫೂರ್ತಿ, ಕೈ ಮುಂದ ಚಾಚು.’

‘ಯಾಕ ಮಮ್ಮಿ? ಉಗುರು ತಗದೇನಿ.’

‘ಚಾಚು ಅಂದೆ.’

ಚಾಚಿದ ಬೆರಳುಗಳ ಮೇಲೆ ರೋಹಿಣಿ ಒಂದು ಹಾಳೆ ಇಟ್ಟಳು. ಕೈಯ ಸಣ್ಣ ನಡುಕ ಹಾಳೆಯ ಅಂಚಿನಲ್ಲಿ ದೊಡ್ಡದಾಗಿ ಕಾಣುತ್ತದೆ. ವೈದ್ಯರು ಮಾಡುವ ಪರೀಕ್ಷೆ. ಹಾಳೆ ಸ್ವಲ್ಪ ಅಲುಗಿತು. ಶಿವಯೋಗಿ ಎದ್ದು ಫ್ಯಾನ್ ಆರಿಸಿದ. ಹಾಳೆ ನಿಂತಿತು.

‘ಏನ್ ನಡಸೀಯೇ?’ ಎಂದು ಕೇಳಿದ ಅವನು. ಅವಳು ಹೇಳಿದಳು. ಅವನು ತನ್ನ ಎರಡೂ ಕೈಗಳನ್ನು ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ‘ನನಗ ಈಗ ನಡಗತಾವ ಅನಸಾಕತ್ತೈತಿ ನೋಡು,’ ಎಂದ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಮಂಗಳವಾರ ರೋಹಿಣಿ ತನ್ನ ತಪ್ಪನ್ನೂ ಹಾಳೆಯ ಪರೀಕ್ಷೆಯನ್ನೂ ಬರೆದು ಸಿಬ್ಬಂದಿಗೆಲ್ಲ ಕಳಿಸಿದಳು. ಮಧ್ಯಾಹ್ನದೊಳಗೆ ಕಚೇರಿಯ ಪ್ರಿಂಟರಿನಲ್ಲಿ ಹಾಳೆ ಖಾಲಿಯಾದವು. ಕ್ಯಾಂಟೀನಿನಲ್ಲಿ ಚಹಾದ ಕಪ್ ಎತ್ತುವವರು ಒಬ್ಬರನ್ನೊಬ್ಬರು ನೋಡಿ ಕಪ್ ಕೆಳಗಿಟ್ಟರು. ಒಬ್ಬ ರಜೆ ಹಾಕಿ ಮಗನ ಕಾಲೇಜಿಗೆ ಹೋಗಿ ಹಾಜರಿ ಪುಸ್ತಕ ನೋಡಿ ಬಂದ. ಫರ್ಹಾನಾ ತಮ್ಮನನ್ನು ಬೈದು ಆಸ್ಪತ್ರೆಗೆ ಕರೆದೊಯ್ದಳು. ಅವನಿಗೆ ಏನೂ ಆಗಿರಲಿಲ್ಲ, ರಾತ್ರಿಯೆಲ್ಲ ಸಿಗರೇಟು ಸೇದುತ್ತಾನೆ ಎಂಬುದು ಮಾತ್ರ ಬಯಲಾಯಿತು.

ಬುಧವಾರ ಸಂಜೆಗೆ ನಲವತ್ತೂ ಜನ ಹೇಳಿದ್ದರು: ನಮ್ಮ ಮನೆಯಲ್ಲಿ ಎಲ್ಲರ ಕೈ ಸರಿಯಿದೆ.

ತುರಮರಿಯವರೂ ಹಾಗೇ ಹೇಳಿದರು. ಆದರೆ ಅಂಕಿಗಳು ಬರುತ್ತಲೇ ಇದ್ದವು. ಬುಧವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಇಪ್ಪತ್ಮೂರನೇ ಮನೆಯಲ್ಲಿ ಆಟ ಶುರುವಾಗಿ, ಮೂರೂವರೆ ತಾಸು ನಡೆದಿತ್ತು. ಅಂಕ ಅರವತ್ತೆರಡು.

ರೋಹಿಣಿ ಪಿಯುಸಿಯಲ್ಲಿ ಜೊತೆಗಿದ್ದ ಮಂದಾಕಿನಿ ಕಿತ್ತೂರಳಿಗೆ ಆ ಅಲುಗಾಟದ ಗೆರೆ ಕಳಿಸಿ ಫೋನ್ ಮಾಡಿದಳು. ಮಂದಾಕಿನಿ ಈಗ ನರರೋಗ ತಜ್ಞೆ.

‘ಗೆರಿ ನೋಡಿ ರೋಗ ಹೇಳಾಕ ನಾ ಏನ್ ಜೋಯಿಸಳೇನ?’ ಎಂದಳು ಅವಳು. ‘ಥೈರಾಯ್ಡ್ ಇರಬಹುದು. ಅಸ್ತಮಾ ಔಷಧಿಗೂ ಕೈ ನಡಗತಾವ. ಎಷ್ಟ ವಯಸ್ಸು?’

‘ಗೊತ್ತಿಲ್ಲ. ಆಟದ ಚುರುಕು ನೋಡಿದ್ರ ಸಣ್ಣವ್ರ ಅನಸತೈತಿ. ಕಾಲೇಜ್ ಬಿಟ್ಟಂಗೈತಿ.’

ಮಂದಾಕಿನಿ ಹೇಳಿದಳು. ‘ಸಣ್ಣ ವಯಸ್ಸು ಇದ್ರ ಒಂದನ್ನ ನಾವು ಬಿಡಂಗಿಲ್ಲ. ಅಪರೂಪದ್ದು. ಮೈಯಾಗಿನ ತಾಮ್ರ ಹೊರಗ ಹೋಗದ ಯಕೃತ್ತಿನ್ಯಾಗ, ಮೆದುಳಿನ್ಯಾಗ ಕೂಡತೈತಿ. ಜಲ್ದಿ ಸಿಕ್ಕರ ಗುಳಿಗಿಯಿಂದ ತಡೀಬಹುದು. ತಡಾ ಆದ್ರ, ಹೋಗಿದ್ದು ಪೂರಾ ವಾಪಸ್ ಬರ್ತೈತಿ ಅಂತ ಹೇಳಾಕ ಬರೂದಿಲ್ಲ. ಅದಽ ಅಂತ ನಾ ಅನ್ನಂಗಿಲ್ಲ. ಆದ್ರ ಆ ಕೈ ನನ್ನ ಮುಂದ ಬರಬೇಕು. ಹುಡುಕು.’

ಹುಡುಕುವ ದಾರಿ ಒಂದೇ ಉಳಿದಿತ್ತು. ಸರ್ವರ್‌ನಿಂದ ಒಂದೇ ಯಂತ್ರಕ್ಕೆ ಏನನ್ನೂ ಕಳಿಸಲು ಆಗದಂತೆ ತುರಮರಿಯವರೇ ಕಟ್ಟಿದ್ದರು. ಆದರೆ ಪರೀಕ್ಷಾ ಗುಂಪಿಗೆಲ್ಲ ಒಂದು ಅಪ್‌ಡೇಟ್ ಕಳಿಸಬಹುದು. ಯಾವ ಯಂತ್ರದಲ್ಲಿ ನೆರವಿನ ಅಂಕ ಒಂದು ತಿಂಗಳು ನಲವತ್ತು ದಾಟಿದೆಯೋ ಆ ಯಂತ್ರ ತಾನೇ ಪರದೆಯ ಮೇಲೆ ಸಂದೇಶ ತೋರಿಸುವಂತೆ. ರೋಹಿಣಿ ಅದನ್ನು ಬರೆದು ಬುಧವಾರ ಕತ್ತಲಾಗುವ ಮೊದಲೇ ತುರಮರಿಯವರ ಮುಂದಿಟ್ಟಳು.

‘ಪರೀಕ್ಷಾ ಗುಂಪಿಗೆ ಅಷ್ಟಽ ಅಲ್ಲ ಸರ್. ಮಾರಿದ ಹನ್ನೊಂದು ಸಾವಿರಕ್ಕೂ ಹೋಗಬೇಕು. ಅವುಗಳ ಅಂಕಿ ನಮಗ ಬರೂದಿಲ್ಲ, ಆದ್ರ ಅಪ್‌ಡೇಟ್ ಅವೂ ತಗೋತಾವ.’

‘ಆಗೂದಿಲ್ಲ.’ ತುರಮರಿ ತಲೆ ಎತ್ತಲಿಲ್ಲ. ‘ನಲವತ್ತು ಮನ್ಯಾಗಽ ಮೂರು ಮನಿ ನಿಮ್ಮ ಗೆರಿ ದಾಟತಾವ. ಹನ್ನೊಂದು ಸಾವಿರದಾಗ ಎಷ್ಟಾದವು? ನೂರಾರು. ಅದರಾಗ ಮುಕ್ಕಾಲು ಮಂದಿಗೆ ಏನೂ ಆಗಿರಂಗಿಲ್ಲ. ಅಜ್ಜ ಮೊಮ್ಮಗಳ ಕೂಡ ಆಡತಿರತಾನ. ಅವನ ಮುಂದ ಟಿವ್ಯಾಗ, ನಿನ್ನ ಕೈ ಕೆಟ್ಟೈತಿ ಅಂತ ಬರೀತೀರೇನು?’

‘ಹಂಗ ಬರದಿಲ್ಲ. ಫೋನ್ ಮಾಡ್ರಿ ಅಂತ ಬರದೀನಿ. ನನ್ನ ನಂಬರ್ ಐತಿ.’

‘ನೂರು ಮಂದೀನ ಅಂಜಸಾಕ ನಮಗೇನ ಹಕ್ಕೈತಿ?’

‘ಒಬ್ಬರಿಂದ ಮುಚ್ಚಿಡಾಕ ಏನ್ ಹಕ್ಕಿತ್ರಿ? ನಿಮ್ಮ ಯಂತ್ರ ಮುಚ್ಚಿತು. ನಾನೂ ಮುಚ್ಚೀನಿ. ನಿಮ್ಮನ್ನ ಒಬ್ಬರನ್ನಽ ಅನ್ನಾಕತ್ತಿಲ್ಲ.’

ತುರಮರಿ ಸಂದೇಶವನ್ನು ಎರಡು ಸಲ ಓದಿದರು. ‘ನಿಮ್ಮ ಕೈಗೆ ಯಂತ್ರ ಹೆಚ್ಚು ನೆರವು ಕೊಡುತ್ತಿದೆ. ಕಾರಣ ಸಣ್ಣದಿರಬಹುದು. ದಯವಿಟ್ಟು ಫೋನ್ ಮಾಡಿ.’ ‘ದಯವಿಟ್ಟು’ ಎಂಬುದರ ಕೆಳಗೆ ಬೆರಳಿಟ್ಟು ಕೂತರು. ಕೊನೆಗೆ, ‘ಪರೀಕ್ಷಾ ಗುಂಪಿಗೆ ಮಾತ್ರ’ ಎಂದು ಸಹಿ ಹಾಕಿದರು.

ಗುರುವಾರ ಬೆಳಿಗ್ಗೆ ಅಪ್‌ಡೇಟ್ ಹೋಯಿತು. ಹತ್ತಕ್ಕೆ ಮೊದಲ ಫೋನ್. ಉಗ್ರಾಣದ ಸಹೋದ್ಯೋಗಿಯೊಬ್ಬನ ತಂದೆ. ಅವರು ಮೂರು ವರ್ಷದಿಂದ ದಮ್ಮಿಗೆ ಪಂಪ್ ಎಳೆಯುತ್ತಿದ್ದರು. ಎಳೆದ ಮೇಲೆ ಕೈ ನಡುಗುವುದು ಅವರಿಗೂ ವೈದ್ಯರಿಗೂ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಎರಡನೆಯದು. ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಆಡುತ್ತಿದ್ದ ಹುಡುಗ. ಮೂರನೆಯದು ಬರಲಿಲ್ಲ. ಆದರೆ ಇಪ್ಪತ್ಮೂರನೇ ಮನೆಯಲ್ಲಿ ಸಂದೇಶ ಹನ್ನೊಂದೂ ಐದಕ್ಕೆ ಕಾಣಿಸಿಕೊಂಡಿದ್ದನ್ನು, ಒಂದೇ ನಿಮಿಷಕ್ಕೆ ಯಂತ್ರ ಬಂದ್ ಆಗಿದ್ದನ್ನು ಸರ್ವರ್ ದಾಖಲಿಸಿತ್ತು. ಆಮೇಲೆ ದಿನವಿಡೀ ಏನೂ ಇಲ್ಲ.

‘ಅಂಜಿಸಿದ್ವಿ,’ ಎಂದರು ತುರಮರಿ. ಅದರಲ್ಲಿ ಗೆಲುವಿನ ಧ್ವನಿ ಇರಲಿಲ್ಲ.

ಅಂದು ಮನೆಯಲ್ಲಿ ರೋಹಿಣಿ ಊಟದ ತಾಟಿನ ಪಕ್ಕ ಫೋನ್ ಇಟ್ಟುಕೊಂಡೇ ಕೂತಳು. ಸ್ನಾನಕ್ಕೆ ಹೋದಾಗ ಅದನ್ನು ಸ್ಫೂರ್ತಿಯ ಕೈಗೆ ಕೊಟ್ಟಳು. ಬಂದದ್ದು ಎರಡೇ ಕರೆ. ಒಂದು ಗ್ಯಾಸ್ ಏಜೆನ್ಸಿಯದು, ಒಂದು ರಾಂಗ್ ನಂಬರ್.

ಶುಕ್ರವಾರ ಮಧ್ಯಾಹ್ನ ಎರಡೂ ನಲವತ್ತಕ್ಕೆ ಫೋನ್ ಬಂತು. ತುರಮರಿ, ಫರ್ಹಾನಾ ಇಬ್ಬರೂ ಅದೇ ಕೋಣೆಯಲ್ಲಿದ್ದರು. ರೋಹಿಣಿ ಸ್ಪೀಕರ್ ಹಾಕಿದಳು.

ಹುಡುಗಿಯ ದನಿ. ಒಂದೊಂದು ಶಬ್ದವನ್ನೂ ಎತ್ತಿ ಇಟ್ಟಂತೆ ನಿಧಾನ. ‘ಮೇಡಂ, ಟಿವಿ ಮ್ಯಾಲೆ ನಂಬರ್ ಬಂತು. ಯಂತ್ರ ವಾಪಸ್ ಕೊಡಬೇಕೇನ್ರಿ?’

‘ಇಲ್ಲವಾ, ವಾಪಸ್ ಬ್ಯಾಡ. ಎಲ್ಲಿಂದ ಮಾತಾಡ್ತೀ?’

‘ಗದಗ್ರೀ. ಯಂತ್ರ ನಮ್ಮದಲ್ರಿ. ಹೊರಗ ಕೊಡಾಂಗಿಲ್ಲ ಅಂತ ಕಂಪನ್ಯಾಗ ಬರಸ್ಕೊಂಡಾರಂತ. ನಮ್ಮ ಮಾಮಾಗ ತ್ರಾಸ ಆಗಬಾರದು ಅಂತ ನಿನ್ನಿ ಫೋನ್ ಮಾಡ್ಲಿಲ್ಲ.’

ತುರಮರಿ ಕುರ್ಚಿಯಿಂದ ಎದ್ದರು. ‘ಗೌತಮಿ,’ ಎಂದರು.

ಫರ್ಹಾನಾ ಅವರತ್ತ ನೋಡಿದಳು. ರೋಹಿಣಿಯೂ ನೋಡಿದಳು. ತುರಮರಿ ಯಾರ ಕಡೆಯೂ ನೋಡದೆ ಹೇಳಿದರು. ‘ನಮ್ಮ ಅಕ್ಕನ ಮಗಳು. ನಮ್ಮ ಹುಡುಗ್ರು ಹದಿನೈದು ದಿನಾ ಆಡಲಿಲ್ರಿ. ಬ್ಯಾಸರ ಅಂದ್ರು. ಆಫೀಸಿನ್ಯಾಗ ಹೇಳಾಕ ನಾಚಿಕಿ ಆತು. ಒಯ್ದು ಇಕಿಗೆ ಕೊಟ್ಟೆ. ಹೊಸ ಹಿಡಿಕಿನೂ ಕೊಟ್ಟ ಬಂದೆ. ನಮ್ಮ ಮನಿ ಕೈ ಸರಿ ಐತಿ ಅಂತ ಹೇಳಿದ್ದು ಖರೇನಽ ಇತ್ತು.’

‘ಮಾಮಾ? ನೀ ಅಲ್ಲೇ ಅದಿಯೇನು?’

‘ಅದೀನಿ ಗೌತಮಿ. ಕಾಲೇಜ್ ಯಾಕ ಬಿಟ್ಟೀ?’

‘ಬರಿಯೂದ ಆಗವಲ್ದು. ಅಕ್ಷರ ಸೊಟ್ಟ ಬರ್ತಾವ. ಅವ್ವ ಓದಾಕ ಕಳ್ಳಾಟ ಹಚ್ಚೀ ಅಂತ ಬೈತಾಳ. ನಾ ಅಂದೆ, ಕೈ ಕೆಟ್ಟಿದ್ರ ಆಟದಾಗ ಹೆಂಗ ಗೆಲ್ತಿದ್ದೆ? ಅದರಾಗ ಎಲ್ಲಾ ಸರಿ ಇರತೈತಲಾ. ಅದಕ್ಕಽ ಆಡತಿದ್ದೆ ಮಾಮಾ.’

ತುರಮರಿ ಕೂತರು.

ರೋಹಿಣಿ ಫೋನಿನ ಹತ್ತಿರ ಬಗ್ಗಿದಳು. ‘ಗೌತಮಿ, ನನ್ನ ಹೆಸರು ರೋಹಿಣಿ. ಯಂತ್ರ ಚಾಲೂ ಮಾಡವಾ. ಎರಡೂ ಹಿಡಿಕಿ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿ. ನೆರವು ಬಂದ್ ಆಗತೈತಿ. ಆಮ್ಯಾಲೆ ಕೊಡದ ಆಟ ಆಡು. ನಾ ಇಲ್ಲಿಂದ ನೋಡತೀನಿ.’

ಕೊಡದ ಆಟದಲ್ಲಿ ತುಂಬಿದ ಕೊಡವನ್ನು ಚೆಲ್ಲದೆ ಕಿರಿದಾದ ಒಡ್ಡಿನ ಮೇಲೆ ಹೊತ್ತು ನಡೆಯಬೇಕು. ಗೌತಮಿ ಮೂವತ್ತೊಂದನೇ ಮಟ್ಟದಲ್ಲಿದ್ದಳು. ಈಗ ಒಂದನೇ ಮಟ್ಟ ಶುರುವಾಯಿತು. ರೋಹಿಣಿಯ ಪರದೆಯ ಮೇಲೆ ಗೆರೆ ಬರತೊಡಗಿತು. ಸೆಕೆಂಡಿಗೆ ಐದು. ಫೋನಿನಿಂದ ನೀರು ಚೆಲ್ಲುವ ಸದ್ದು, ಆಟ ಮುಗಿದ ಸದ್ದು, ಮತ್ತೆ ಶುರುವಾದ ಸದ್ದು ಕೇಳಿಸಿತು. ನಾಲ್ಕನೇ ಸಲವೂ ಆರು ಹೆಜ್ಜೆಗೆ ಕೊಡ ಖಾಲಿಯಾಯಿತು.

‘ಮೇಡಂ, ನನ್ನ ಕೈ ಹೆಂಗೈತಿ? ಖರೆ ಹೇಳ್ರಿ.’

‘ನಡಗಾಕತ್ತೈತಿ ಗೌತಮಿ. ಮಾರ್ಚ್‌ನಿಂದ ಹೆಚ್ಚಾಗೇತಿ. ಯಾಕ ಅಂತ ನನಗ ಗೊತ್ತಿಲ್ಲ. ಗೊತ್ತಿರವ್ರು ಒಬ್ಬ ಡಾಕ್ಟರ್ ಅದಾರ, ನನ್ನ ಗೆಳತಿ. ನಾಳೆ ನಿನ್ನ ನೋಡತಾರ. ಔಷಧ ಇರೂ ರೋಗಾನೂ ಇರಬಹುದು. ಅದಕ್ಕಽ ತಡಾ ಮಾಡೂದು ಬ್ಯಾಡ.’

‘ಹಂಗಾರ ನಾ ಗೆದ್ದಿದ್ದೆಲ್ಲಾ ನಾ ಗೆದ್ದಿದ್ದಲ್ಲೇನ್ರಿ?’

ರೋಹಿಣಿ ಸಮಾಧಾನದ ಮಾತು ಹೇಳಬಹುದಿತ್ತು. ಬದಲಿಗೆ ಹಳೆಯ ಅಂಕಿಗಳನ್ನು ತೆರೆದು ಓದಿದಳು. ‘ಹದಿನಾಲ್ಕನೇ ಮಟ್ಟದ ತನಕ ನೆರವು ಹನ್ನೆರಡು, ಹದಿಮೂರು. ಅಷ್ಟು ಎಲ್ಲಾರಿಗೂ ಸಿಗತೈತಿ. ಹದಿನಾಲ್ಕು ನೀನಽ ಗೆದ್ದೀ. ಆಮ್ಯಾಗಿನವು ಪೂರಾ ನಿನ್ನವಲ್ಲ.’

‘ಹದಿನಾಲ್ಕು,’ ಎಂದಳು ಗೌತಮಿ. ನಂತರ ಮೂಗು ಏರಿಸಿದ ಸದ್ದು. ‘ಮಾಮಾ, ನೀ ಬರ್ತೀಯೇನು? ಅವ್ವಗ ನನ್ನ ಕಡಿಂದ ಹೇಳಾಕ ಆಗಂಗಿಲ್ಲ.’

‘ಬಂದೆ. ದಾರಿಗೆ ಹತ್ತೀನಿ ಅಂತ ತಿಳಕೋ.’

ತುರಮರಿ ಕಾರಿನ ಕೀಲಿ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು. ಬಾಗಿಲ ತನಕ ಹೋಗಿ ತಿರುಗಿದರು.

‘ರೋಹಿಣಿಯವರಽ, ಆ ಅಪ್‌ಡೇಟ್ ಎಲ್ಲಾ ಯಂತ್ರಕ್ಕೂ ಕಳಸ್ರಿ.’

‘ನೂರಾರು ಮಂದಿ ಅಂಜತಾರ ಸರ್.’

‘ಅಂಜತಾರ. ನನ್ನ ನಂಬರೂ ಹಾಕ್ರಿ. ಅರ್ಧಾ ಫೋನ್ ನಾ ಎತ್ತತೀನಿ.’

ಮೂರೂ ಇಪ್ಪತ್ತಕ್ಕೆ ಅಪ್‌ಡೇಟ್ ಹೊರಟಿತು. ಚಾಲೂ ಇರುವ ಯಂತ್ರಗಳು ಮಾತ್ರ ಅದನ್ನು ಎಳೆದುಕೊಳ್ಳುತ್ತವೆ. ಪರದೆಯ ಮೂಲೆಯಲ್ಲಿ ಸಂಖ್ಯೆ ಏರತೊಡಗಿತು. ನಾಲ್ಕಕ್ಕೆ, ಶಾಲೆ ಬಿಡುವ ಹೊತ್ತಿಗೆ, ಅದು ಜೋರಾಗಿ ಓಡಿತು. ಐದಕ್ಕೆ ರೋಹಿಣಿಯ ಫೋನು ಮೊದಲ ಸಲ ಬಡಿದುಕೊಂಡಿತು, ಆಮೇಲೆ ನಿಲ್ಲಲಿಲ್ಲ. ಹಾಸನದ ಒಬ್ಬರು ಸಿಟ್ಟಿನಿಂದ ಬೈದರು. ರಾಯಚೂರಿನ ಹೆಂಗಸೊಬ್ಬರು ಏನೂ ಕೇಳದೆ ಅಳುತ್ತಿದ್ದರು. ರೋಹಿಣಿ ಒಬ್ಬೊಬ್ಬರಿಗೂ ಅವೇ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡಳು: ವಯಸ್ಸು, ಔಷಧ, ಯಾವ ಕೈ, ಎಂದಿನಿಂದ.

ಆರಕ್ಕೆ ಐದು ನಿಮಿಷ ಇದ್ದಾಗ ಫರ್ಹಾನಾ ಸರ್ವರ್ ಕೋಣೆಯಿಂದ ತಲೆ ಹೊರಹಾಕಿದಳು.

‘ಅಕ್ಕಾ, ಆರಕ್ಕ ಬಂದ್ ಮಾಡ್ರಿ ಅಂತ ಮ್ಯಾಲಿನವ್ರ ಮೇಲ್ ಬಂದೈತಿ. ಮಾಡ್ಲೇನು?’

ಪರದೆಯ ಮೇಲಿನ ಸಂಖ್ಯೆ ಆರು ಸಾವಿರದ ಒಂಬೈನೂರ ನಾಲ್ಕು. ಉಳಿದ ಯಂತ್ರಗಳು ಯಾವುದೋ ಕಪಾಟಿನಲ್ಲಿ, ಯಾವುದೋ ಮಂಚದ ಕೆಳಗೆ ಆರಿ ಮಲಗಿದ್ದವು. ಅವನ್ನು ಯಾರು ಯಾವಾಗ ಚಾಲೂ ಮಾಡುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

‘ಬ್ಯಾಡ,’ ಎಂದಳು ರೋಹಿಣಿ. ‘ಇನ್ನೂ ನಾಲ್ಕು ಸಾವಿರ ಮನಿ ಅದಾವ.’

ಮತ್ತೆ ಬಡಿದುಕೊಳ್ಳುತ್ತಿದ್ದ ಫೋನನ್ನು ಎತ್ತಿಕೊಂಡಳು.